ಬಾಳುವ ಕಲೆ, ಮರಳುವ ಕಲೆ

ಮನೆಯಲ್ಲಿ ಒಂದು ಹಿಡಿ ಅನ್ನ ಚೆಲ್ಲಿದರೆ ಗೃಹಿಣಿಗೆ ನೋವಾಗುವುದು. ಡಬ್ಬಿಯ ಎಣ್ಣೆ ಸೋರಿದರೆ ಯಜಮಾನನಿಗೆ ಸಂಕಟವಾಗುವುದು. ಆದರೆ ಹಬ್ಬ, ಮದುವೆ, ಸನ್ಮಾನಗಳ ಅಲಂಕಾರಕ್ಕೆಂದು ತಂದ ವಸ್ತುಗಳು ಮರುದಿನವೇ ತಿಪ್ಪೆಗೆ ಬಿದ್ದರೆ ನಮಗೆ ಏನೂ ಅನ್ನಿಸುವುದಿಲ್ಲ. ಸೊಬಗಿರುವಲ್ಲಿ ಮಿತವ್ಯಯದ ಮಾತು ಸಲ್ಲದೆಂದು ನಾವು ಭಾವಿಸಿದ್ದೇವೆ. ಈ ಭಾವನೆ ಸರಿಯಲ್ಲವೆಂಬುದನ್ನು ಕೋಲಾರದ ಸೀಮೆಯಿಂದ ಚೆನ್ನಾಗಿ ತಿಳಿಯಬಹುದು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ನಾಡಿನಲ್ಲಿ ಕೆರೆಯೇ ಜನರ ಆಧಾರ. ಇದ್ದುದನ್ನು ಕಾಪಾಡಿಕೊಳ್ಳದಿದ್ದರೆ ಇಲ್ಲಿ ಬಾಳುವೆ ನಡೆಯದು.

ಮೊದಲು ಕಲ್ಲಿನ ಕೆಲಸವನ್ನು ನೋಡೋಣ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ಹೆಸರಾದುದು. ದೇವಾಲಯಗಳಿಗೆ ಬೇಕಾದ ವಿಗ್ರಹಗಳು ಇಲ್ಲಿ ಸಿದ್ಧವಾಗಿ ದೂರದೂರಿಗೆ ಹೋಗುತ್ತವೆ. ಚಿತ್ರಕಾರನು ತಪ್ಪಿದರೆ ಬಣ್ಣವನ್ನು ಒರೆಸಬಹುದು, ಕುಂಬಾರನು ಮಣ್ಣನ್ನು ಮತ್ತೆ ಕಲಸಬಹುದು. ಶಿಲ್ಪಿಗೆ ಆ ಅನುಕೂಲವಿಲ್ಲ. ಹಾರಿದ ಚೂರು ಮರಳಿ ಕೂಡದು. ಒಡೆದ ಬಂಡೆ ಮರಳಿ ಬೆಳೆಯದು. ಆದುದರಿಂದಲೇ ಅನುಭವಿಯಾದ ಶಿಲ್ಪಿಯು ಉಳಿ ಹಿಡಿಯುವ ಮೊದಲು ಕಲ್ಲನ್ನು ತಟ್ಟಿ ನಾದವನ್ನು ಕೇಳುವನು. ಒಳಗೆ ಬಿರುಕಿದ್ದರೆ ದನಿ ಮೊಬ್ಬಾಗಿರುವುದು. ಅಳತೆ ನೋಡಿ ಗೆರೆ ಎಳೆದ ಮೇಲೆಯೇ ಮೊದಲನೆಯ ಏಟು.

ಹಾಗಿದ್ದರೂ ತುಂಡುಗಳು ಉಳಿಯದೆ ಇರುವುವೆ? ದೊಡ್ಡ ವಿಗ್ರಹದಿಂದ ಬೇರ್ಪಟ್ಟ ಗಟ್ಟಿ ತುಂಡಿನಲ್ಲಿ ಅಂಗೈಯಗಲದ ಗಣಪತಿಯೋ ನಂದಿಯೋ ಮೂಡಬಲ್ಲುದು. ಅದಕ್ಕೂ ಒದಗದ ತುಂಡಿನ ಮೇಲೆ ಕಲಿಯುವ ಹುಡುಗನು ಕೈ ತಿದ್ದಿಕೊಳ್ಳಬಹುದು. ಆದರೆ ಕೊಳ್ಳುವವರೆಲ್ಲರೂ ದೊಡ್ಡದನ್ನೇ ಬಯಸಿದರೆ ತುಂಡು ರಾಶಿಯಾಗಿಯೇ ಬೀಳುವುದು. ಇನ್ನೊಂದು ವಿಷಯವನ್ನೂ ಮರೆಯಬಾರದು. ಯಂತ್ರಗಳಿಂದ ಕಲ್ಲು ಕೊಯ್ಯುವಾಗ ಏಳುವ ನುಣ್ಣನೆಯ ದೂಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರಬಲ್ಲುದು. ನೀರು ಹಾಯಿಸುತ್ತ ಕೊಯ್ದರೆ ದೂಳು ಬಹುಮಟ್ಟಿಗೆ ಅಡಗುವುದು. ಕಲ್ಲಿನ ಪೋಲನ್ನು ಎಣಿಸುವವರು ಕೆಲಸಗಾರನ ಆಯುಸ್ಸಿನ ಪೋಲನ್ನೂ ಎಣಿಸಬೇಡವೆ?

ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯಲ್ಲಿ ಏಕಶಿಲೆಯ ಬೃಹತ್ ಗಣಪತಿಯನ್ನು ಜನರು ಶತಮಾನಗಳಿಂದ ಪೂಜಿಸುತ್ತ ಬಂದಿದ್ದಾರೆ. ಒಮ್ಮೆ ವೆಚ್ಚವಾದ ಕಲ್ಲೂ ಶ್ರಮವೂ ಎಷ್ಟು ತಲೆಮಾರುಗಳಿಗೆ ಒದಗಿದುವು! ಚೌತಿಯ ಗಣಪತಿಯ ರೀತಿ ಬೇರೆ. ಅವನು ಬಂದು ಹೋಗುವ ದೇವರು. ಕೆರೆಯ ಮಣ್ಣಿನಿಂದ ಮಾಡಿದ ಮೂರ್ತಿಯು ನೀರಿನಲ್ಲಿ ಕರಗಿ ಮಣ್ಣನ್ನೇ ಸೇರುವುದು. ಹಿರಿಯರ ಪದ್ಧತಿಯಲ್ಲಿ ನಷ್ಟವೆಂಬುದೇ ಇರಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಮೂರ್ತಿಯಾದರೋ ಸುಲಭವಾಗಿ ಕರಗದೆ ಕೆರೆಯ ತಳದಲ್ಲಿ ಕೂರುವುದು. ಅದಕ್ಕೆ ಬಳಿದ ಬಣ್ಣದಲ್ಲಿ ಸೀಸದಂತಹ ವಿಷವಿದ್ದರೆ ನೀರೂ ಕೆಡುವುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಪರಿಷ್ಕರಿಸಿದ ಸೂಚನೆಗಳಲ್ಲಿ ಇಂತಹ ಮೂರ್ತಿಗಳನ್ನು ನಿಷೇಧಿಸಿದೆ. ಆದರೆ ಕೊಳ್ಳುವವನ ಮನಸ್ಸು ಬದಲಾಗದೆ ಕಾನೂನೊಂದೇ ಏನು ಮಾಡೀತು?

ಇನ್ನು ರೇಷ್ಮೆ. ಈ ಸೀಮೆಯ ಬಹುಮಂದಿ ರೈತರಿಗೆ ಹಿಪ್ಪುನೇರಳೆಯ ಸೊಪ್ಪೂ ರೇಷ್ಮೆಯ ಹುಳುವೂ ಜೀವನೋಪಾಯ. ಒಂದು ಗೂಡಿನಲ್ಲಿ ನೂರಾರು ಮೀಟರು ಉದ್ದದ ಎಳೆಯಿರುವುದು. ಆದರೆ ಮೊಟ್ಟೆಗಾಗಿ ಇಟ್ಟ ಬಿತ್ತನೆ ಗೂಡಿನಿಂದ ಚಿಟ್ಟೆ ಹೊರಬಂದರೆ ಗೂಡು ತೂತಾಗಿ, ನೂಲು ಬಿಚ್ಚಲು ಬಾರದಂತಾಗುವುದು. ಇಂತಹ ಗೂಡುಗಳನ್ನು ಕತ್ತರಿಸಿ, ಬಣ್ಣ ಹಾಕಿ, ಪೋಣಿಸಿ ಹಾರಗಳನ್ನೂ ಹೂಗೊಂಚಲುಗಳನ್ನೂ ಮಾಡುವ ಕೈಕೆಲಸವು ನಮ್ಮ ನಾಡಿನಲ್ಲಿ ಬೆಳೆದಿದೆ. ಸನ್ಮಾನದ ಹೂವಿನ ಹಾರ ಸಂಜೆಗೆ ಬಾಡುವುದು. ಗೂಡಿನ ಹಾರ ವರ್ಷಗಟ್ಟಲೆ ಗೋಡೆಯ ಮೇಲೆ ನಿಲ್ಲುವುದು. ಬಿಡುವಿನ ವೇಳೆಯಲ್ಲಿ ಹೆಣ್ಣುಮಕ್ಕಳು ಕತ್ತರಿ, ಸೂಜಿ, ದಾರಗಳಿಂದಲೇ ಇದನ್ನು ಮಾಡಬಹುದು. ಕಸವೆನಿಸಿದ್ದು ಕಸುಬಾಗುವುದೆಂದರೆ ಇದೇ.

ಹೀಗೆ ನೋಡಿದರೆ ಒಂದು ನಿಯಮ ಹೊಳೆಯುವುದು. ಕಲೆಯ ವಸ್ತುವು ಬಹುಕಾಲ ಬಾಳಬೇಕು. ಇಲ್ಲವೆ ಮಣ್ಣಿಗೆ ಮರಳಬೇಕು. ಬಾಳದೆ, ಮರಳದೆ ನಡುವೆ ನಿಂತುದೇ ಕಸ. ಮಾವಿಗೆ ಹೆಸರಾದ ಶ್ರೀನಿವಾಸಪುರದ ಪೇಟೆಯಲ್ಲಿಯೂ ಯಾರಾದರೂ ಪ್ಲಾಸ್ಟಿಕ್ಕಿನ ತೋರಣವನ್ನು ಕೊಂಡರೆ ಅದಕ್ಕಿಂತ ವಿಪರೀತವುಂಟೆ? ಮಾವಿನೆಲೆಯ ತೋರಣ ಒಣಗಿದ ಮೇಲೆ ಗಿಡದ ಬುಡಕ್ಕೆ ಗೊಬ್ಬರವಾಗುವುದು.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಈ ಸಲ ಚೌತಿಗೆ ಬಣ್ಣವಿಲ್ಲದ ಮಣ್ಣಿನ ಚಿಕ್ಕ ಗಣಪತಿಯನ್ನು ತನ್ನಿರಿ. ಮನೆಗೆ ವಿಗ್ರಹ ಬೇಕಾದರೆ, ಉಳಿದ ತುಂಡಿನಲ್ಲಿ ಮಾಡಿದುದುಂಟೆ ಎಂದು ಶಿಲ್ಪಿಯನ್ನು ಕೇಳಿರಿ. ಕೇಳುವವರಿದ್ದರೆ ಮಾಡುವವರೂ ಇರುವರು. ಬೆಲೆಯೂ ನಿಮಗೆ ಎಟುಕುವುದು, ಶಿಲ್ಪಿಗೂ ನಾಲ್ಕು ಕಾಸು ಹೆಚ್ಚು ದೊರೆಯುವುದು.