ಹಳೆ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮುಂಚೆ ಹಾರ್ಡ್ ಡಿಸ್ಕ್ ಬದಲಿಸಿ ನೋಡಿ

ಗಲ್ಫ್‌ನಿಂದ ರಜೆಯಲ್ಲಿ ಬಂದಾಗ ಯಾರೋ ತಂದುಕೊಟ್ಟ ಸಣ್ಣ ಲ್ಯಾಪ್‌ಟಾಪ್ ಒಂದು ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಹತ್ತನೇ ಕ್ಲಾಸಿನ ಮಗಳಿಗೆ ಐಟಿ ಪ್ರಾಕ್ಟಿಕಲ್ ಅಭ್ಯಾಸಕ್ಕೆ ಬೇಕು ಅಂತ ಹೊರಗೆ ತೆಗೆದರೆ ಆನ್ ಆಗಲು ಹತ್ತು ನಿಮಿಷ, ಮಧ್ಯದಲ್ಲಿ ಹ್ಯಾಂಗ್. ಅಂಗಡಿಗೆ ಕೊಂಡುಹೋದರೆ "ಇದರ ಕಾಲ ಮುಗೀತು, ಹೊಸದು ತೆಗೊಳ್ಳಿ" ಎಂಬ ಉತ್ತರ. ಹೆಚ್ಚಿನ ಸಲ ಮುಗಿದಿರುವುದು ಅದರೊಳಗಿನ ಹಾರ್ಡ್ ಡಿಸ್ಕಿನ ಕಾಲ ಮಾತ್ರ. ಅದನ್ನು ಬದಲಿಸಿದರೆ ಮತ್ತೆ ಕೆಲವು ವರ್ಷ ಓಡುತ್ತದೆ.

ಕಾರಣ ಸರಳ. ಫ್ಯಾನ್ ಬಿಟ್ಟರೆ ಲ್ಯಾಪ್‌ಟಾಪಿನಲ್ಲಿ ತಿರುಗುವ ಭಾಗ ಇರುವುದು ಹಾರ್ಡ್ ಡಿಸ್ಕಿನಲ್ಲಿ. ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಅದರ ಮೇಲೆ ಸಣ್ಣ ಕೈಯೊಂದು ಓಡಾಡಿ ಫೈಲ್ ಹುಡುಕುತ್ತದೆ. ಆನ್ ಮಾಡುವಾಗ ಸಾವಿರಾರು ಸಣ್ಣ ಫೈಲ್ ಓದಬೇಕಾಗುವುದರಿಂದ ಮುದಿ ಡಿಸ್ಕ್ ಸುಸ್ತಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಪೆನ್ ಡ್ರೈವಿನ ಹಾಗೆ ಚಿಪ್‌ಗಳೇ. ಲ್ಯಾಪ್‌ಟಾಪ್ ಹಳೆಯದಾದ್ದರಿಂದ ಅದರ ಪೂರ್ತಿ ವೇಗ ಸಿಗದು. ಆದರೂ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

ಆದರೆ ಸ್ಕ್ರೂ ಬಿಚ್ಚುವ ಮುಂಚೆ ಒಂದು ಕೆಲಸ ಇದೆ, ಅದನ್ನೇ ಎಲ್ಲರೂ ಮರೆಯುವುದು. ಆ ಡಿಸ್ಕಿನಲ್ಲಿ ಏನಿದೆ ಅಂತ ಉಮ್ಮನನ್ನೂ ಕೇಳಿ. ತೀರಿಹೋದ ಉಪ್ಪನ ಫೋಟೊ, ಅಕ್ಕನ ಮದುವೆಯ ವಿಡಿಯೊ, ಪಾಸ್‌ಪೋರ್ಟಿನ ಸ್ಕ್ಯಾನ್, ಅಂಗಡಿಯ ಸಾಲದ ಲೆಕ್ಕ ಬೇರೆಲ್ಲೂ ಇಲ್ಲದೆ ಅಲ್ಲೇ ಇರಬಹುದು. ಡಿಸ್ಕ್ ಹೊಸದು ಸಿಗುತ್ತದೆ, ಫೋಟೊ ಸಿಗುವುದಿಲ್ಲ. ಲ್ಯಾಪ್‌ಟಾಪ್ ನಿಧಾನಕ್ಕಾದರೂ ಆನ್ ಆಗುತ್ತಿದ್ದರೆ ಮೊದಲು ಫೋಟೊ, ಡಾಕ್ಯುಮೆಂಟ್, ಡೆಸ್ಕ್‌ಟಾಪ್, ಡೌನ್‌ಲೋಡ್ ಫೋಲ್ಡರುಗಳನ್ನು ಬೇರೆ ಡ್ರೈವಿಗೆ ಕಾಪಿ ಮಾಡಿ. ಲೆಕ್ಕದ ಸಾಫ್ಟ್‌ವೇರ್ ಇದ್ದರೆ ಅದರೊಳಗಿನ ಬ್ಯಾಕಪ್ ಬೇರೆಯೇ ತೆಗೆಯಬೇಕು. ಕಾಪಿ ಆದ ಮೇಲೆ ಇನ್ನೊಂದು ಕಂಪ್ಯೂಟರಿನಲ್ಲಿ ನಾಲ್ಕಾರು ಫೈಲ್ ತೆರೆದು ನೋಡಿ.

ಡಿಸ್ಕಿನಿಂದ ಟಿಕ್ ಟಿಕ್ ಅಂತ ಬಡಿಯುವ ಸದ್ದು ಬರುತ್ತಿದ್ದರೆ ಕೂಡಲೇ ಆಫ್ ಮಾಡಬೇಕು. ಪುನಃ ಪುನಃ ಆನ್ ಮಾಡಿ ಪ್ರಯತ್ನಿಸಿದಷ್ಟೂ ಉಳಿದದ್ದೂ ಹೋಗುತ್ತದೆ. ಒಳಗಿರುವುದು ನಿಜವಾಗಿಯೂ ಬೇಕಾದರೆ ಡೇಟಾ ರಿಕವರಿ ಮಾಡುವವರ ಕೈಗೇ ಕೊಡುವುದು ಒಳ್ಳೆಯದು. ಫ್ರೀಜರಿನಲ್ಲಿಟ್ಟರೆ ಸರಿಯಾಗುತ್ತದೆ ಎಂಬ ಮಾತು ಈಗಲೂ ಓಡಾಡುತ್ತಿದೆ. ಕರಾವಳಿಯ ಈ ತೇವದಲ್ಲಿ ಹೊರಗೆ ತೆಗೆದ ತಕ್ಷಣ ಡಿಸ್ಕಿನ ಮೇಲೆ ನೀರು ಕಟ್ಟುತ್ತದೆ, ಅಷ್ಟೇ.

ಇನ್ನು ಖರೀದಿ. ಹೆಚ್ಚಿನ ಹಳೆ ಲ್ಯಾಪ್‌ಟಾಪುಗಳಲ್ಲಿ ಇರುವುದು 2.5 ಇಂಚಿನ ಸಾಟಾ ಡಿಸ್ಕ್. ಅದೇ ಅಳತೆಯ ಸಾಟಾ ಎಸ್‌ಎಸ್‌ಡಿ ಅಲ್ಲಿ ಕೂರುತ್ತದೆ. ಹಳೆ ಡಿಸ್ಕಿನ ದಪ್ಪ 9.5 ಮಿ.ಮೀ. ಇದ್ದು ಹೊಸದು 7 ಮಿ.ಮೀ. ಆದರೆ ಸಡಿಲವಾಗಬಹುದು, ಅದಕ್ಕೆ ಪ್ಲಾಸ್ಟಿಕ್ ಚೌಕಟ್ಟು ಬರುತ್ತದೆ. ಕಡಿಮೆ ಬೆಲೆಯ ಕೆಲವು ಸಣ್ಣ ಲ್ಯಾಪ್‌ಟಾಪುಗಳಲ್ಲಿ 32 ಅಥವಾ 64 ಜಿಬಿಯ ಇಎಂಎಂಸಿ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದನ್ನು ಮನೆಯಲ್ಲಿ ಬದಲಿಸಲು ಆಗದು. ಹಾಗಾಗಿ ಮಾಡೆಲ್ ನಂಬರ್ ಹಾಕಿ ಹುಡುಕಿ, ಖಚಿತವಾದ ಮೇಲೆಯೇ ದುಡ್ಡು ಬಿಚ್ಚಿ. ಕಾಸರಗೋಡಿನಲ್ಲಿ ಒಂದು ಅಂಗಡಿ, ಮಂಗಳೂರಿನಲ್ಲಿ ಒಂದು ಅಂಗಡಿ ಕೇಳಿ ನೋಡಿದರೆ ನಷ್ಟವಿಲ್ಲ. ಬಿಲ್ಲು ಬೇಡ ಅಂದರೆ ಸ್ವಲ್ಪ ಕಡಿಮೆ ಅನ್ನುವವರಿಗೆ ಒಪ್ಪಬೇಡಿ, ಬಿಲ್ಲಿಲ್ಲದಿದ್ದರೆ ನಾಳೆ ವಾರಂಟಿ ಕೇಳಲು ಬಾಯಿ ಇರುವುದಿಲ್ಲ.

ಬದಲಿಸುವ ಕೆಲಸ ಅಷ್ಟೇನಿಲ್ಲ. ಆಫ್ ಮಾಡಿ, ಅಡಾಪ್ಟರ್ ತೆಗೆದು, ಬ್ಯಾಟರಿ ಕಳಚಿ, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿಯಬೇಕು. ಕೆಲವು ಮಾಡೆಲುಗಳಲ್ಲಿ ಅಡಿಯಲ್ಲೇ ಸಣ್ಣ ಮುಚ್ಚಳ ಇರುತ್ತದೆ, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಕೆಲವದರಲ್ಲಿ ಕೀಬೋರ್ಡ್ ಎತ್ತಬೇಕು, ಅದರಡಿಯ ತೆಳು ಪಟ್ಟಿ ಹರಿದರೆ ಕೀಬೋರ್ಡೇ ಹೋಯಿತು. ಧೈರ್ಯ ಇಲ್ಲದವರು ಅಂಗಡಿಯಲ್ಲೇ ಕುಳಿತು ಮಾಡಿಸಲಿ. ಡಿಸ್ಕನ್ನು ಮೇಲಕ್ಕೆ ಕೀಳದೆ ಪಕ್ಕಕ್ಕೆ ಜಾರಿಸಿ ತೆಗೆಯಬೇಕು. ಅದರ ಕವಚದ ಸ್ಕ್ರೂಗಳನ್ನು ಹೊಸದಕ್ಕೆ ಹಾಕಿ ಹಾಗೆಯೇ ಜಾರಿಸಿ ಕೂರಿಸಿದರಾಯಿತು.

ಈಗ ಹೊಸ ಡಿಸ್ಕ್ ಖಾಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 11ನೆಯದು ಈ ಹಳೆ ಪ್ರೊಸೆಸರುಗಳಿಗೆ ಅಧಿಕೃತವಾಗಿ ಇಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಕೇರಳದ ಕೈಟ್ ಸಂಸ್ಥೆಯ ಲಿನಕ್ಸ್ ಹಾಕುವುದೇ ಲಾಭ. ಅದು ಉಚಿತ, ಶಾಲೆಯ ಲ್ಯಾಬಿನಲ್ಲೂ ಅದೇ ಇರುವುದು, ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಗೂ ಅದರಲ್ಲೇ ಕೂರಬೇಕು. ಇನ್‌ಸ್ಟಾಲ್ ಮಾಡಲು ಗೊತ್ತಿಲ್ಲದಿದ್ದರೆ ಶಾಲೆಯ ಐಟಿ ಟೀಚರನ್ನು ಕೇಳಬಹುದು. ಆದರೆ 64 ಬಿಟ್ ಪ್ರೊಸೆಸರ್ ಬೇಕು. 2010ಕ್ಕಿಂತ ಹಿಂದಿನ ಕೆಲವು ಪುಟ್ಟ ಆಟಮ್ ಲ್ಯಾಪ್‌ಟಾಪುಗಳು 32 ಬಿಟ್‌ನವು, ರ‍್ಯಾಮ್ ಕೂಡ ಒಂದೇ ಜಿಬಿ. ಅಂಥವಕ್ಕೆ ಎಸ್‌ಎಸ್‌ಡಿ ಹಾಕುವುದು ದುಡ್ಡು ದಂಡ.

ಹಳೆ ಡಿಸ್ಕ್ ಚೆನ್ನಾಗಿಯೇ ಇದ್ದರೆ ಯುಎಸ್‌ಬಿ ಕೇಸಿಗೆ ಹಾಕಿ ಎರಡನೇ ಪ್ರತಿಯ ಡ್ರೈವ್ ಮಾಡಿಕೊಳ್ಳಬಹುದು. ಇದು ಬೇಕು ಕೂಡ, ಯಾಕೆಂದರೆ ಎಸ್‌ಎಸ್‌ಡಿ ಸದ್ದಿಲ್ಲದೆ, ಸೂಚನೆ ಕೊಡದೆ ಒಮ್ಮೆಲೇ ಸಾಯುವುದುಂಟು. ವರ್ಷಗಟ್ಟಲೆ ಕರೆಂಟ್ ಇಲ್ಲದೆ ಇಟ್ಟರೂ ಅದರಲ್ಲಿದ್ದುದು ಅಳಿಯಬಹುದು. ಎರಡು ವರ್ಷಕ್ಕೆ ಗಲ್ಫಿಗೆ ಹೋಗುವವರು ಕಪಾಟಿನಲ್ಲಿ ಬೀಗ ಹಾಕಿಟ್ಟು ನಿಶ್ಚಿಂತೆಯಿಂದ ಇರುವಂತಿಲ್ಲ. ಹಾಳಾದ ಹಾರ್ಡ್ ಡಿಸ್ಕನ್ನು ಹಾಗೇ ಗುಜರಿಯವನಿಗೆ ಕೊಡಬೇಡಿ. ಡಿಲೀಟ್ ಮಾಡಿದ, ಫಾರ್ಮ್ಯಾಟ್ ಮಾಡಿದ ಡಿಸ್ಕಿನಿಂದಲೂ ಮನೆಯ ಹೆಂಗಸರ ಫೋಟೊ, ಬ್ಯಾಂಕಿನ ಕಾಗದ ಹೊರಗೆ ಬರುತ್ತವೆ. ಡ್ರಿಲ್ ಹಾಕಿ ತಟ್ಟೆಗೆ ಎರಡು ಮೂರು ತೂತು ಕೊರೆದ ಮೇಲೆ ಕೊಟ್ಟರೆ ಸಾಕು.