ಎರಡು ಎಕರೆಯ ಕಾಫಿಗೂ ಒಂದು ವಿಳಾಸ

ಬದನೆಕಾಯಿ ಕೊಳ್ಳುವಾಗ ಮಟ್ಟುಗುಳ್ಳವೇ ಬೇಕೆಂದು ಹಟ ಹಿಡಿಯುವವರು ನಾವು. ಮೆಣಸಿನಕಾಯಿ ಬ್ಯಾಡಗಿಯದ್ದೇ ಆಗಬೇಕು. ಬಾಳೆಹಣ್ಣು ನಂಜನಗೂಡು ರಸಬಾಳೆಯಾದರೆ ನಾಲ್ಕು ಕಾಸು ಹೆಚ್ಚಾದರೂ ಚಿಂತೆಯಿಲ್ಲ. ಕಾಫಿಪುಡಿ ಅಂಗಡಿಯ ಮುಂದೆ ನಿಂತಾಗ ಮಾತ್ರ ಊರಿನ ಹೆಸರು ಬಾಯಿಗೆ ಬರುವುದಿಲ್ಲ. ಪಿಬಿ ಅರ್ಧ, ಪ್ಲಾಂಟೇಶನ್ ಎ ಅರ್ಧ, ಚಿಕೋರಿ ಇಪ್ಪತ್ತು ಎಂದುಬಿಡುತ್ತೇವೆ. ಪಿಬಿ ಎಂದರೆ ಹಣ್ಣಿನೊಳಗೆ ಒಂಟಿಯಾಗಿ ಬಲಿತ ದುಂಡು ಬೀಜ, ಎ ಎಂದರೆ ಜರಡಿಯ ಮೇಲೆ ಉಳಿದ ದಪ್ಪ ಬೀಜ. ಅದು ಕಳಸದ ಗುಡ್ಡದ್ದೋ, ಸೋಮವಾರಪೇಟೆಯದ್ದೋ, ಬಿಳಿಗಿರಿರಂಗನ ಬೆಟ್ಟದ್ದೋ ಎಂಬುದು ಪುಡಿ ಮಾಡುವವರಿಗೂ ತಿಳಿದಿರುವುದಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ರಾಜ್ಯದಲ್ಲಿ ಹೀಗೆ.

ಈಚೆಗೆ ಬೆಂಗಳೂರು, ಮೈಸೂರಿನ ಹೊಸ ಕಾಫಿ ಅಂಗಡಿಗಳಲ್ಲಿ ಚಿತ್ರ ಬದಲಾಗಿದೆ. ಕಾಲು ಕೆ.ಜಿ. ಪೊಟ್ಟಣದ ಮೇಲೆ ತೋಟದ ಹೆಸರು, ಸಮುದ್ರಮಟ್ಟದಿಂದ ಎತ್ತರ, ತಳಿ, ಹದ ಮಾಡಿದ ವಿಧಾನ ಎಲ್ಲ ಅಚ್ಚಾಗಿರುತ್ತವೆ. ಕಿತ್ತಳೆ ಸಿಪ್ಪೆಯ ಘಮ, ಬೆಲ್ಲದ ಸಿಹಿ ಎಂಬ ವರ್ಣನೆಯೂ ಉಂಟು. ಇದೇ ‘ಸಿಂಗಲ್ ಒರಿಜಿನ್’ ಸ್ಪೆಷಾಲಿಟಿ ಕಾಫಿ. ಆ ಹೆಸರುಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಬಹುಪಾಲು ನೂರಾರು ಎಕರೆಯ ಎಸ್ಟೇಟುಗಳು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿನೊಳಗಿನವು, ಒಟ್ಟು ಬೆಳೆಯಲ್ಲಿ ಸುಮಾರು ಶೇ 70 ಅವುಗಳದ್ದೇ. ಲೆಕ್ಕದ ಪ್ರಕಾರ 25 ಎಕರೆಯವರೂ ಸಣ್ಣ ಬೆಳೆಗಾರರು. ನಾನಿಲ್ಲಿ ಹೇಳುತ್ತಿರುವುದು ಮನೆ ಹಿಂದಿನ ಎರಡು–ಮೂರು ಎಕರೆಯನ್ನು ನಂಬಿಕೊಂಡವರ ಕಥೆ. ಅವರ ಕಾಫಿಗೆ ರುಚಿಯಿಲ್ಲವೆಂದು ಯಾರೂ ಹೇಳಲಾರರು. ಪೊಟ್ಟಣದವರೆಗೆ ಅವರ ಹೆಸರು ತಲುಪದಿರುವುದಕ್ಕೆ ಕಾರಣಗಳು ಕಣದಲ್ಲಿವೆ, ಮಿಲ್ಲಿನಲ್ಲಿವೆ, ಸ್ವಲ್ಪ ಇತಿಹಾಸದಲ್ಲೂ ಇವೆ.

ಇತಿಹಾಸವನ್ನು ಬೇಗ ಹೇಳಿ ಮುಗಿಸುತ್ತೇನೆ. 1942ರ ಕಾಫಿ ಕಾಯ್ದೆಯ ನಂತರ ಸುಮಾರು ಅರ್ಧ ಶತಮಾನ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಅಲ್ಲಿ ದರ್ಜೆಗೆ ತಕ್ಕ ಅಂಕ, ಅಂಕಕ್ಕೆ ತಕ್ಕ ಹಣ. ಆ ಹಣವೂ ಕಂತುಕಂತಾಗಿ ಬರುತ್ತಿತ್ತು. ಬೆಲೆ ಕುಸಿದ ಕಾಲದಲ್ಲಿ ಈ ಏರ್ಪಾಡು ಬೆಳೆಗಾರರನ್ನು ಕಾಪಾಡಿತೆಂಬುದು ನಿಜ. ಆದರೆ ಯಾರ ತೋಟದ ಕಾಫಿಯೂ ಅವರ ಹೆಸರಿನಲ್ಲಿ ಕೊಳ್ಳುವವರ ಮನೆ ಸೇರುವಂತಿರಲಿಲ್ಲ. 1990ರ ದಶಕದಲ್ಲಿ ಬಿಗಿ ಸಡಿಲವಾಗುತ್ತ ಬಂದು 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಸ್ವಂತ ಕಣ, ಪಲ್ಪರ್, ಗೋದಾಮು, ಪರಿಚಯದ ರಫ್ತುದಾರರು ಇದ್ದ ದೊಡ್ಡ ತೋಟಗಳು ಆ ಬಾಗಿಲಿನಿಂದ ಹೊರಬಂದವು. ಎರಡು ಎಕರೆಯವರ ಬಳಿ ಅದೊಂದೂ ಇರಲಿಲ್ಲ. ಪೂಲ್ ಹೋದ ಜಾಗಕ್ಕೆ ಊರಿನ ಕಾಫಿ ವ್ಯಾಪಾರಿ ಬಂದರು.

ಈಗ ಕಣಕ್ಕೆ ಬರೋಣ. ನಮ್ಮ ಅರೇಬಿಕಾದ ಇಳುವರಿ ಹೆಕ್ಟೇರಿಗೆ ಸರಾಸರಿ ಅರ್ಧ ಟನ್ನಿಗೂ ಕಡಿಮೆ. ಹಾಗಾದರೆ ಎರಡು ಎಕರೆಗೆ 50 ಕೆ.ಜಿ.ಯ ಎಂಟು ಚೀಲ ಕಾಣುವುದೂ ಕಷ್ಟ. ಒಂದು ಕೆ.ಜಿ. ಬೀಜಕ್ಕೆ ಐದಾರು ಕೆ.ಜಿ. ಹಣ್ಣು ಬೇಕು, ಅಂದರೆ ಇಡೀ ಸುಗ್ಗಿಗೆ ಎರಡು ಟನ್ನಿನಷ್ಟು ಹಣ್ಣು. ಸ್ಪೆಷಾಲಿಟಿ ಎನಿಸಿಕೊಳ್ಳಲು ಅದರಲ್ಲಿ ಪೂರ್ತಿ ಕೆಂಪಾದದ್ದನ್ನಷ್ಟೇ ಬಿಡಿಸಬೇಕು. ಹಸಿರುಗಾಯಿ ಸೇರಿದರೆ ಒಗರು, ಅತಿಯಾಗಿ ಹಣ್ಣಾಗಿದ್ದು ಸೇರಿದರೆ ಹುಳಿತ ವಾಸನೆ. ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಕೈಹಾಕಬೇಕು. ಕೆ.ಜಿ. ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಇದು ದಿನದ ದುಡಿಮೆಗೇ ಕತ್ತರಿ; ದರ ಹೆಚ್ಚಿಸದೆ ಅವರನ್ನು ಒಪ್ಪಿಸುವುದು ನ್ಯಾಯವೂ ಅಲ್ಲ. ಇಲ್ಲಿ ಮಾತ್ರ ಸಣ್ಣ ಹಿಡುವಳಿಯದ್ದೇ ಮೇಲುಗೈ. ಮನೆಯವರೇ ಬುಟ್ಟಿ ಕಟ್ಟಿಕೊಂಡು ಇಳಿಯುತ್ತಾರೆ, ಅಕ್ಕಪಕ್ಕದವರು ಮುಯ್ಯಾಳಾಗಿ ಬರುತ್ತಾರೆ. ಯಾವ ಗಿಡ ಯಾವಾಗ ಹಣ್ಣಾಗುತ್ತದೆಂಬುದು ಅವರಿಗೆ ಮುಖಪಾಠ.

ತೊಂದರೆ ಶುರುವಾಗುವುದು ಆಮೇಲೆ. ಬಿಡಿಸಿದ ಹಣ್ಣನ್ನು ಅದೇ ದಿನ ನೀರಿಗೆ ಹಾಕಿ ತೇಲಿದ ಜೊಳ್ಳು ತೆಗೆದು, ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿ, ಒಂದೆರಡು ದಿನ ಹುದುಗಿಸಿ, ಅಂಟು ಹೋಗುವಂತೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಇಷ್ಟಕ್ಕೂ ನೀರು ಬೇಕು, ತೊಟ್ಟಿ ಬೇಕು. ತೊಳೆದ ನೀರನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ಕೆಳಗಿನವರ ನೀರು ಕೆಡುತ್ತದೆ, ಕಾನೂನೂ ಸುಮ್ಮನಿರುವುದಿಲ್ಲ. ಆದ್ದರಿಂದ ಬಹಳಷ್ಟು ಸಣ್ಣ ಬೆಳೆಗಾರರು ಹಣ್ಣನ್ನು ಇಡಿಯಾಗಿ ಕಣದಲ್ಲಿ ಹರವಿ, ಒಣಗಿಸಿ, ಚೆರಿ ಮಾಡಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಚೆರಿ ಎಂದ ಮಾತ್ರಕ್ಕೆ ಕೀಳಲ್ಲ. ಜಾಲರಿ ಹಾಸಿನ ಮೇಲೆ ತೆಳುವಾಗಿ ಹರವಿ, ದಿನಕ್ಕೆ ಹತ್ತು ಸಲ ಕೈಯಾಡಿಸಿ ಒಣಗಿಸಿದ ಹಣ್ಣೇ ‘ನ್ಯಾಚುರಲ್’ ಎಂಬ ಹೆಸರಿನಲ್ಲಿ ದುಬಾರಿ ಪೊಟ್ಟಣ ಸೇರುತ್ತದೆ. ಮಣ್ಣಿನ ಕಣದಲ್ಲಿ ದಪ್ಪಗೆ ಸುರಿದದ್ದು ಮಾತ್ರ ಬೂಷ್ಟು ಹಿಡಿಯುತ್ತದೆ. 2021ರ ನವೆಂಬರ್‌ನಲ್ಲಿ ಮಳೆ ಬಿಡದೆ ಸುರಿದಾಗ ಮಲೆನಾಡಿನಲ್ಲಿ ಹಣ್ಣು ಗಿಡದಲ್ಲೇ ಒಡೆದು ಉದುರಿತು, ಕಣಕ್ಕೆ ಬಂದದ್ದೂ ಒಣಗಲಿಲ್ಲ. ಡ್ರೈಯರ್ ಇದ್ದವರು ಬಚಾವಾದರು.

ಇನ್ನು ವ್ಯಾಪಾರಿಯ ತಕ್ಕಡಿ. ಚೆರಿಯ ಬೆಲೆ ನಿಲ್ಲುವುದು ಔಟ್‌ಟರ್ನ್ ಮೇಲೆ. 50 ಕೆ.ಜಿ. ಚೀಲ ಒಡೆದರೆ 26 ಕೆ.ಜಿ. ಬೀಜವೋ 28 ಕೆ.ಜಿ.ಯೋ ಎಂದು ಮಾದರಿ ಒಡೆದು ನೋಡುತ್ತಾರೆ, ತೇವಾಂಶ ಅಳೆಯುತ್ತಾರೆ, ಗುಣಿಸಿ ದುಡ್ಡು ಎಣಿಸುತ್ತಾರೆ. ಕಾಯಿಸಿ ಕುಡಿದು ನೋಡುವವರಿಲ್ಲ. ಕೆಂಪು ಹಣ್ಣನ್ನೇ ಆರಿಸಿ ಬಿಡಿಸಿದವರ ಚೀಲ, ಕೊಂಬೆಗೆ ಕೈಹಾಕಿ ಸೀಪಿಕೊಂಡು ಬಂದವರ ಚೀಲ ಒಂದೇ ಲಾರಿ ಹತ್ತುತ್ತವೆ. ಒಣಗಿದ ಕಾಫಿಯ ಸಿಪ್ಪೆ ಬಿಡಿಸುವ (ಹಲ್ಲಿಂಗ್) ಕ್ಯೂರಿಂಗ್ ವರ್ಕ್ಸ್‌ನ ದೊಡ್ಡ ಯಂತ್ರಕ್ಕೆ ಟನ್‌ಗಟ್ಟಲೆ ಮಾಲು ಬೇಕು, ಎಂಟು ಚೀಲಕ್ಕಾಗಿ ಅದನ್ನು ಗುಡಿಸಿ ಒರೆಸಿ ಬೇರೆಯಾಗಿ ಓಡಿಸುವವರು ಕಡಿಮೆ. ತೋಟದ ಗುರುತು ಅಳಿಯುವ ಜಾಗ ಇದೇ. ನನ್ನನ್ನು ಕೇಳಿದರೆ, ಸಣ್ಣ ಬೆಳೆಗಾರರಿಗೆ ರುಚಿಯ ತರಬೇತಿ ಶಿಬಿರಗಳಿಗಿಂತ ಮೊದಲು ಬೇಕಿರುವುದು ಹೋಬಳಿಗೊಂದು ಪುಟ್ಟ ಹಲ್ಲಿಂಗ್ ಯಂತ್ರ ಮತ್ತು ಚೀಲಕ್ಕೆ ಹೆಸರು ಬರೆದು ಇಡುವಷ್ಟು ಗೋದಾಮು.

ವ್ಯಾಪಾರಿಯನ್ನು ಬಯ್ಯುವುದೂ ಸುಲಭ. ಅವರು ಮಳೆಗಾಲದಲ್ಲಿ ಮುಂಗಡ ಕೊಟ್ಟಿರುತ್ತಾರೆ, ಮನೆ ಬಾಗಿಲಿಗೆ ಗಾಡಿ ತರುತ್ತಾರೆ, ಸಂಜೆಗೆ ಹಣ ಕೊಡುತ್ತಾರೆ. ಸ್ಪೆಷಾಲಿಟಿ ಕೊಳ್ಳುವವರು ಮಾದರಿ ಕೇಳುತ್ತಾರೆ, ಹುರಿದು ನೋಡುತ್ತಾರೆ, ತಿಂಗಳು ಕಳೆದು ಉತ್ತರ ಬರೆಯುತ್ತಾರೆ, ಮೂರು ಚೀಲ ಮಾತ್ರ ಬೇಕೆನ್ನುತ್ತಾರೆ. ಉಳಿದ ಐದು ಚೀಲಕ್ಕೆ ಮತ್ತೆ ಅದೇ ವ್ಯಾಪಾರಿಯೇ ಗತಿ.

ಆ ಮಾದರಿಯ ಪರೀಕ್ಷೆ ನೋಡುವಂಥದ್ದು. ಹಸಿ ಬೀಜದಲ್ಲಿ ಹುಳುಕು, ಒಡಕು, ಕಪ್ಪು ಬೀಜಗಳನ್ನು ಎಣಿಸಿದ ಮೇಲೆ ಹದವಾಗಿ ಹುರಿದು, 150 ಮಿಲಿ ಬಿಸಿನೀರಿಗೆ 8.25 ಗ್ರಾಂ ತರಿ ಪುಡಿಯ ಲೆಕ್ಕದಲ್ಲಿ ಐದು ಬಟ್ಟಲು ಇಡುತ್ತಾರೆ. ನಾಲ್ಕು ನಿಮಿಷಕ್ಕೆ ಮೇಲಿನ ಕೆನೆಯನ್ನು ಚಮಚದಿಂದ ಒಡೆದು ಮೂಗಿಟ್ಟು ಮೂಸುತ್ತಾರೆ. ಆಮೇಲೆ ಸೊರ್ರೆಂದು ಸದ್ದು ಮಾಡಿ ಹೀರಬೇಕು. ನಮ್ಮಜ್ಜಿ ನೋಡಿದ್ದರೆ ತಲೆಗೊಂದು ಕೊಡುತ್ತಿದ್ದರು. ಪರಿಮಳ, ಹುಳಿ, ಮೈ, ಬಾಯಲ್ಲಿ ಉಳಿಯುವ ರುಚಿ ಎಲ್ಲಕ್ಕೂ ಅಂಕ. ನೂರಕ್ಕೆ 80 ದಾಟಿದರೆ ಸ್ಪೆಷಾಲಿಟಿ. ಐದರಲ್ಲಿ ಒಂದು ಬಟ್ಟಲು ಬೇರೆ ರುಚಿ ಕೊಟ್ಟರೂ ಅಂಕ ಬೀಳುತ್ತದೆ. ಎಂಟು ಚೀಲದವರಿಗೆ ಪೆಟ್ಟು ಕೊಡುವುದು ಹೆಚ್ಚಾಗಿ ಈ ಐದನೇ ಬಟ್ಟಲೇ, ಏಕೆಂದರೆ ಒಂದೇ ಚೀಲದಲ್ಲಿ ನಾಲ್ಕು ದಿನದ ಕುಯ್ಲು ಬೆರೆತಿರುತ್ತದೆ.

ಬೆರಕೆ ಗಿಡದಿಂದಲೇ ಶುರುವಾಗುವುದೂ ಉಂಟು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ ಹುಟ್ಟಿದ್ದು. ಅಲ್ಲಿಂದ 1940ರ ದಶಕದಲ್ಲಿ ಹೊರಬಂದ ಎಸ್.795 ಇಂದಿಗೂ ನಮ್ಮ ಅರೇಬಿಕಾ ತೋಟಗಳ ಬೆನ್ನೆಲುಬು. ಕೆಂಟ್ ತಳಿ ಮತ್ತು ಲೈಬೀರಿಕಾದ ರಕ್ತವಿದ್ದ ಎಸ್.288 ಅದರ ತಂದೆತಾಯಿ. ಎತ್ತರದಲ್ಲಿ, ಒಳ್ಳೆಯ ನೆರಳಿನಲ್ಲಿ ಬೆಳೆದ ಎಸ್.795ರಲ್ಲಿ ಒಂದು ಬಗೆಯ ಸಾಂಬಾರ ಘಾಟು, ದುಂಡಗಿನ ಮೈ ಇರುತ್ತದೆ; ನನಗಂತೂ ಅದೇ ಮಲೆನಾಡಿನ ಕಾಫಿಯ ಗುರುತು. ಬಿಳಿ ಕಾಂಡಕೊರಕ ಹೊಕ್ಕು ಗಿಡ ಸತ್ತಲ್ಲೆಲ್ಲ ಕಾವೇರಿಯನ್ನೋ ಚಂದ್ರಗಿರಿಯನ್ನೋ ನೆಟ್ಟು ತುಂಬಿಸುತ್ತಾ ಬಂದವರ ಎರಡು ಎಕರೆಯಲ್ಲಿ ಮೂರು ತಳಿ ಇರುವುದು ಸಾಮಾನ್ಯ. ಅರೇಬಿಕಾದ ಗೋಳೇ ಬೇಡವೆಂದು ರೊಬಸ್ಟಾಕ್ಕೆ ಹೊರಳಿದವರೂ ಕಡಿಮೆಯಿಲ್ಲ. ದೇಶದ ಬೆಳೆಯಲ್ಲಿ ಮೂರನೇ ಎರಡಕ್ಕೂ ಹೆಚ್ಚು ಈಗ ರೊಬಸ್ಟಾ.

ಹೊಸ ಅಂಗಡಿಗಳ ಒಂದು ಚಟದ ಬಗ್ಗೆ ನನಗೆ ತಕರಾರಿದೆ. ಹಣ್ಣನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಮುಚ್ಚಿ ದಿನಗಟ್ಟಲೆ ಹುದುಗಿಸಿ, ಕಾಫಿಗೆ ಅನಾನಸ್ಸಿನದೋ ವೈನಿನದೋ ವಾಸನೆ ಬರಿಸುತ್ತಾರೆ. ಸಣ್ಣ ಬೆಳೆಗಾರರು ಜನರ ಕಣ್ಣಿಗೆ ಬೀಳಲು ಅದೊಂದು ದಾರಿ, ಒಪ್ಪುತ್ತೇನೆ. ಆದರೆ ಅದು ಡ್ರಮ್ಮಿನ ರುಚಿ. ಮೂಡಿಗೆರೆಯಲ್ಲಿ ಮಾಡಿದರೂ ಕೊಲಂಬಿಯಾದಲ್ಲಿ ಮಾಡಿದರೂ ಹತ್ತಿರ ಹತ್ತಿರ ಒಂದೇ. ಒಂದು ಡ್ರಮ್ ಕೆಟ್ಟರೆ ನಷ್ಟ ಮಾತ್ರ ಬೆಳೆಗಾರರದ್ದು.

ಸಣ್ಣವರ ಕಾಫಿಗೆ ಹೆಸರು ಬರುವುದು ಸಾಧ್ಯವೇ ಇಲ್ಲವೆನ್ನುವಂತಿಲ್ಲ. ಪೂರ್ವಘಟ್ಟದ ಅರಕು ಕಣಿವೆಯನ್ನು ನೋಡಿ. ಆಂಧ್ರದ ಆ ಆದಿವಾಸಿ ಕುಟುಂಬಗಳದ್ದು ಒಂದೆರಡು ಎಕರೆಯ ತೋಟಗಳು. ನಾಂದಿ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆ ಸಹಕಾರ ಸಂಘ ಕಟ್ಟಿಕೊಂಡು ಅವರು ಮಾಡಿದ ಮುಖ್ಯ ಕೆಲಸ ಒಂದೇ: ಚೆರಿ ಮಾಡಿ ಮಾರುವುದನ್ನು ಬಿಟ್ಟು, ಹಣ್ಣನ್ನೇ ಒಂದೆಡೆ ತಂದು ಒಂದೇ ಹದದಲ್ಲಿ ಸಂಸ್ಕರಿಸಿದ್ದು. ‘ಜೆಮ್ಸ್ ಆಫ್ ಅರಕು’ ಎಂಬ ಸ್ಪರ್ಧೆ 2009ರಿಂದ ಯಾರ ಹಣ್ಣು ಹೇಗಿದೆಯೆಂದು ಹೊರಗಿನ ತಜ್ಞರಿಂದ ರುಚಿ ನೋಡಿಸಿತು. 2017ರಲ್ಲಿ ಪ್ಯಾರಿಸ್ಸಿನಲ್ಲಿ ಅರಕು ಹೆಸರಿನ ಅಂಗಡಿಯೇ ತೆರೆಯಿತು, ಆಮೇಲೆ ಬೆಂಗಳೂರಿಗೂ ಬಂತು. ಅಲ್ಲಿ ಬೆಳೆಗಾರ ಒಬ್ಬೊಬ್ಬರ ಹೆಸರಿಗಿಂತ ಕಣಿವೆಯ ಹೆಸರು ಗೆದ್ದಿತು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಹುಲಿ ಸಂರಕ್ಷಿತ ಕಾಡಿನೊಳಗಿನ ತುಂಡು ಜಮೀನಿನಲ್ಲಿ, ಕಾಡುಮರದ ನೆರಳಲ್ಲೇ ಕಾಫಿ ಬೆಳೆಯುತ್ತಾರೆ. 2011ರಲ್ಲಿ ಅವರ ಸಾಮುದಾಯಿಕ ಅರಣ್ಯ ಹಕ್ಕಿಗೆ ಮನ್ನಣೆ ಸಿಕ್ಕಿತು. ಅವರ ಕಾಫಿಯೂ ಬೆಟ್ಟದ ಹೆಸರು ಹೊತ್ತು ಪೇಟೆಗೆ ಬರುತ್ತಿದೆ. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಬಂದು ಕಾಗದ ಸಿದ್ಧವಾಗಿದೆ. ಹಣ್ಣನ್ನು ಒಂದೆಡೆ ತರುವ ಕೆಲಸ ಮಾತ್ರ ನಮ್ಮಲ್ಲಿ ಅಷ್ಟಕ್ಕಷ್ಟೆ. ಸೊಸೈಟಿ ಎಂದೊಡನೆ ಹಳೆಯ ಬಾಕಿಯ ನೆನಪಾಗಿ ಮುಖ ತಿರುಗಿಸುವವರೇ ಜಾಸ್ತಿ.

ಅದರ ಮೇಲೆ ಬೆಲೆಯ ಆಟ. 2001ರ ಹೊತ್ತಿಗೆ ಜಾಗತಿಕ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿದು ತೋಟಗಳು ಪಾಳುಬಿದ್ದಿದ್ದವು. ಆಗ ಯಾರಾದರೂ ಹೆಚ್ಚು ಕೊಟ್ಟು ಒಳ್ಳೆಯ ಹಣ್ಣು ಕೇಳಿದ್ದರೆ ಊರೇ ಎದ್ದು ಬರುತ್ತಿತ್ತು. 2025ರ ಆರಂಭದಲ್ಲಿ ಅದೇ ಬೆಲೆ ಪೌಂಡಿಗೆ ನಾಲ್ಕು ಡಾಲರ್ ದಾಟಿತು, ನಮ್ಮಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ ಚೀಲ 25 ಸಾವಿರ ರೂಪಾಯಿ ಮೀರಿತು. ಕಣದ ಕಾಫಿಗೆ ರಾತ್ರಿ ಕಾವಲು ಕೂರುವ ಕಾಲ ಅದು. ಹೇಗೆ ಬಿಡಿಸಿದರೂ ಇಷ್ಟು ಸಿಗುವಾಗ ಕೆಂಪು ಹಣ್ಣು ಆರಿಸುತ್ತ ಕೂರುವುದೇಕೆ ಎಂಬ ಪ್ರಶ್ನೆಗೆ ಸ್ಪೆಷಾಲಿಟಿ ಕೊಳ್ಳುವವರ ಬಳಿ ಉತ್ತರವಿಲ್ಲ. ಸಾಧಾರಣ ಬೆಲೆಯ ಮೇಲೆ ಇಷ್ಟು ಎಂದು ಮೂರು ವರ್ಷಕ್ಕೆ ಮೊದಲೇ ಒಪ್ಪಂದ ಮಾಡಿಕೊಂಡವರಿಗೆ ಮಾತ್ರ ಮಾಲು ಸಿಗುತ್ತದೆ.

ಗುರುತು ಬೇರೆ ದಿಕ್ಕಿನಿಂದಲೂ ಬರುತ್ತಿದೆ. ನಮ್ಮ ಕಾಫಿಯ ದೊಡ್ಡ ಗಿರಾಕಿ ಯುರೋಪು. ಅಲ್ಲಿನ ಹೊಸ ಕಾನೂನಿನ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ಒಳಗೆ ಬರುವಂತಿಲ್ಲ. ಅದಕ್ಕಾಗಿ ಪ್ರತಿ ತೋಟದ ಅಕ್ಷಾಂಶ ರೇಖಾಂಶ ಬೇಕು. ಜಾರಿಯ ದಿನ ಮುಂದೆ ಹೋಗುತ್ತಲೇ ಇದ್ದರೂ ಕಾಫಿ ಮಂಡಳಿ ಬೆಳೆಗಾರರ ನೋಂದಣಿಗೆ ಇಳಿದಿದೆ. ಪಹಣಿ ಇನ್ನೂ ತಾತನ ಹೆಸರಿನಲ್ಲಿರುವ ಮನೆಗಳಿಗೆ ಇದು ತಲೆನೋವೇ. ಆದರೂ ಒಮ್ಮೆ ಚೀಲಕ್ಕೆ ತೋಟದ ಗುರುತು ಅಂಟಿತೆಂದರೆ, ಕಾಡಿನ ಲೆಕ್ಕಕ್ಕೆಂದು ಬೇರೆ ಇಟ್ಟ ಚೀಲವನ್ನು ರುಚಿಯ ಲೆಕ್ಕಕ್ಕೂ ಬೇರೆ ಇಡಬಹುದು.

ಕುಡಿಯುವವರಿಗೆ ಎರಡು ಮಾತು. ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿಯವರೆಗೆ. ಒಣಗಿ, ವಿಶ್ರಮಿಸಿ, ಹಲ್ಲಿಂಗ್ ಮುಗಿದು ಹೊಸ ಬೆಳೆ ಪೇಟೆಗೆ ಬರುವುದು ಯುಗಾದಿಯ ಆಸುಪಾಸಿಗೆ. ಪೊಟ್ಟಣದ ಮೇಲೆ ಹುರಿದ ದಿನಾಂಕದ ಜೊತೆಗೆ ಬೆಳೆಯ ವರ್ಷವನ್ನೂ ನೋಡಿ. ಮನೆಯ ಫಿಲ್ಟರ್ ಸಾಕು, ಹೊಸ ಉಪಕರಣ ಬೇಡ. ಚಿಕೋರಿಯನ್ನು ಮಾತ್ರ ಆ ಒಂದು ಪೊಟ್ಟಣದಿಂದ ದೂರವಿಡಿ. ಮೊದಲ ಲೋಟವನ್ನು ಹಾಲಿಲ್ಲದೆ ಕುಡಿದು, ಎರಡನೆಯದಕ್ಕೆ ಧಾರಾಳವಾಗಿ ಹಾಲು ಹಾಕಿ; ಎಸ್.795 ಹಾಲಿಗೆ ಹೆದರುವ ಕಾಫಿಯಲ್ಲ. ‘ಸಣ್ಣ ಬೆಳೆಗಾರರ ಕಾಫಿ’ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಮಾರುವವರನ್ನು ಎಷ್ಟು ಮನೆಯವರದ್ದು, ಚೀಲಕ್ಕೆ ಎಷ್ಟು ಕೊಟ್ಟಿರಿ ಎಂದು ಕೇಳಿ. ಕೊಟ್ಟವರು ಹೇಳಲು ಹಿಂಜರಿಯುವುದಿಲ್ಲ.