ಎರಡು ದಿನದ ಮೈಸೂರು

ಪ್ರವಾಸವೆಂದರೆ ಊರೆಲ್ಲವನ್ನೂ ಸುತ್ತಿ ಮುಗಿಸುವುದೆಂದು ನಾವೂ ಬಹುಕಾಲ ಭಾವಿಸಿದ್ದೆವು. ಒಮ್ಮೆ ಎರಡೇ ದಿನಗಳ ಬಿಡುವಿನಲ್ಲಿ ಮೈಸೂರಿಗೆ ಹೋಗಿ, ಬೆಳಗಿನಿಂದ ಅಲೆದು, ಸಂಜೆ ನಾಟಕಶಾಲೆಯನ್ನು ಹೊಕ್ಕೆವು. ಆ ನಾಟಕಕ್ಕಾಗಿಯೇ ತಿಂಗಳಿಂದ ಹಂಬಲಿಸುತ್ತಿದ್ದ ನಮ್ಮ ತಾಯಿಯವರು, ಮೊದಲನೆಯ ಅಂಕವು ಮುಗಿಯುವ ಮುನ್ನವೇ ದಣಿದು ನಿದ್ರೆಹೋದರು. ದೋಷವು ಅವರದಲ್ಲ, ನಮ್ಮ ಏರ್ಪಾಟಿನದು.

ಆದುದರಿಂದ ಈಗ ನಾವು ಸಂಜೆಯನ್ನು ಮೊದಲು ಗೊತ್ತುಮಾಡಿ, ಹಗಲನ್ನು ಅದಕ್ಕೆ ಹೊಂದಿಸುತ್ತೇವೆ. 1989ರಲ್ಲಿ ಬಿ. ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣದಲ್ಲಿ ನಾಟಕವು ಎಂದಿದೆಯೆಂದು ವಿಚಾರಿಸಿ, ಬಳಿಕ ಹೊರಡುವ ದಿನವನ್ನು ನಿಶ್ಚಯಿಸತಕ್ಕದ್ದು. ಅರಮನೆಗೆ ದೀಪ ಹಚ್ಚುವುದು ಭಾನುವಾರಗಳಲ್ಲಿ ಮತ್ತು ಸರಕಾರಿ ರಜಾದಿನಗಳಲ್ಲಿ. ಎರಡೂ ಒಂದೇ ಸಂಜೆಗೆ ಬಿದ್ದರೆ, ಒಂದನ್ನು ಸಂತೋಷದಿಂದ ಬಿಡುವುದೇ ಮೇಲು.

ಬೆಟ್ಟಕ್ಕೆ ತಂಪುಹೊತ್ತಿನಲ್ಲಿಯೇ ಹೋಗಬೇಕು. ಮೆಟ್ಟಿಲುಗಳು ಸಾವಿರ, ವೃದ್ಧರಿದ್ದರೆ ವಾಹನವೇ ಲೇಸು. ಅಲ್ಲಿಂದ ಇಳಿದು ಅರಮನೆಯನ್ನು ನೋಡಬಹುದು. ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಲಾರಂಭಿಸಿ, 1912ರಲ್ಲಿ ಮುಗಿಸಿದ ಸೌಧವಿದು. ಊಟವಾದ ಮೇಲೆ ಎರಡು ಗಂಟೆ ಎಲ್ಲರೂ ಮಲಗತಕ್ಕದ್ದು, ಇದರಲ್ಲಿ ರಿಯಾಯಿತಿಯಿಲ್ಲ. 1892ರಷ್ಟು ಹಳೆಯದಾದ ಮೃಗಾಲಯದಲ್ಲಿ ನಡಿಗೆ ಹೆಚ್ಚು; ಅದನ್ನು ಎರಡನೆಯ ಬೆಳಗಿಗೆ ಇಟ್ಟುಕೊಳ್ಳಿರಿ. ಮಂಗಳವಾರ ಅದಕ್ಕೆ ರಜೆಯೆಂಬುದು ನೆನಪಿರಲಿ.

ಹೀಗೆ ಮಾಡಿದ ಮುಂದಿನ ಪ್ರವಾಸದಲ್ಲಿ ತಾಯಿಯವರು ತೆರೆ ಬೀಳುವವರೆಗೂ ಕಣ್ಣು ಮುಚ್ಚಲಿಲ್ಲ. ಹಿಂದಿರುಗುವಾಗ ದಾರಿಯುದ್ದಕ್ಕೂ ನಾಟಕದ ಮಾತೇ ಆಯಿತು. ನೋಡದೆ ಬಿಟ್ಟುಬಂದ ಸ್ಥಳಗಳನ್ನು ಒಬ್ಬರೂ ಎಣಿಸಲಿಲ್ಲ.